ಸೋಸಿದ ನೀರಿನ ಕೇಸು

ಹೋದ ಆಟಿ ತಿಂಗಳಲ್ಲಿ, ಜಡಿಮಳೆಯ ಕಾಲದಲ್ಲಿ, ಮೂಡುಬಿದಿರೆಯ ಕಾನೂನು ವಿದ್ಯಾರ್ಥಿಗಳು ಒಂದು ಅಣಕು ನ್ಯಾಯಾಲಯ ನಡೆಸಿದರು. ‘ನಮ್ಮ ಜಿಲ್ಲೆಯ ಪ್ರಸಿದ್ಧ ಕೊಲೆ ವಿಚಾರಣೆ’ ಎಂದು ಆಮಂತ್ರಣದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರು. ಬಂಟ್ವಾಳದಿಂದ ನನ್ನನ್ನೂ ಕರೆದಿದ್ದರು. ಮುಂದಿನ ಸಾಲಿನಲ್ಲಿ ಕೂತು ನೋಡಿದೆ. ನ್ಯಾಯಾಧೀಶರ ಪಾತ್ರಕ್ಕೆ ಕನ್ನಡಕದ ಹುಡುಗಿ, ಅಜ್ಜಿಯ ಪಾತ್ರಕ್ಕೆ ತಲೆಗೆ ಪೌಡರ್ ಬಳಿದುಕೊಂಡ ಇನ್ನೊಬ್ಬಳು, ಆರೋಪಿಗೊಬ್ಬ, ಪೊಲೀಸಿಗೊಬ್ಬ. ವಕೀಲ ಧನಕೀರ್ತಿಯ ಪಾತ್ರಕ್ಕೆ ಎತ್ತರದ, ಲಕ್ಷಣವಾದ ಹುಡುಗ. ನಿಜವಾದ ಧನಕೀರ್ತಿ ಅಷ್ಟು ಎತ್ತರ ಇಲ್ಲ, ಲಕ್ಷಣದ ವಿಷಯ ನಾನು ಹೇಳುವುದಿಲ್ಲ. ಅವನು ನನ್ನಿಂದ ಎರಡು ಕುರ್ಚಿ ಆಚೆ, ಮುಖ್ಯ ಅತಿಥಿಗಳ ಸಾಲಿನಲ್ಲಿ ತಲೆತಗ್ಗಿಸಿ ಕೂತಿದ್ದ. ನಾನು ಇನ್ನೊಂದು ಪಾತ್ರ ಬರುತ್ತದೆಂದು ಕಾದೆ. ಬರಲಿಲ್ಲ.

ಮುಗಿದ ಮೇಲೆ ನಾಟಕ ಬರೆದ ಹುಡುಗಿಯನ್ನು ಕರೆದು ಕೇಳಿದೆ. “ಧನಕೀರ್ತಿಯವರ ಜೊತೆ ಇನ್ನೊಬ್ಬಳು ಜೂನಿಯರ್ ಇದ್ದಳಲ್ಲ, ಅವಳೆಲ್ಲಿ?”

“ಹೌದಾ ಮೇಡಂ?” ಎಂದಳು ಅವಳು, ಪಾಪ, ನಿಜವಾಗಿಯೂ ಆಶ್ಚರ್ಯದಿಂದ. “ತೀರ್ಪಿನಲ್ಲಿ ಹೆಸರು ಇರಲಿಲ್ಲ. ಯಾರದು?”

“ಇದ್ದಳು ಯಾರೋ” ಎಂದೆ.

ನನಗೀಗ ಸ್ವಂತ ಆಫೀಸು ಉಂಟು. ನನ್ನ ಧ್ವನಿ ಕೇಳಿದರೆ ಎದ್ದು ನಿಲ್ಲುವ ಜೂನಿಯರ್‌ಗಳಿದ್ದಾರೆ. ಕೂದಲು ನರೆತಿದೆ. ಇಷ್ಟೆಲ್ಲ ಆದ ಮೇಲೂ ಆ ಹುಡುಗಿಯ ‘ಯಾರದು?’ ಕೇಳಿದ ಕೂಡಲೇ ಹೊಟ್ಟೆಯೊಳಗೆ ಹಳೆಯ ಕಿಚ್ಚು ಹಾಗೆಯೇ ಎದ್ದಿತು. ಅಸೂಯೆ ಎಂಬ ಪುಸ್ತಕದ ಶಬ್ದ ಇದಕ್ಕೆ ಸಾಲದು. ನನಗೆ ಬಂದದ್ದು ಶುದ್ಧ ಹೊಟ್ಟೆಕಿಚ್ಚು, ಅದರ ಬಗ್ಗೆ ನನಗೆ ನಾಚಿಕೆಯೂ ಇಲ್ಲ. ಅದು ಹುಟ್ಟಿದ ವರ್ಷವನ್ನು ಬರೆಯುತ್ತೇನೆ.

ನಾನು ಪಾಣೆಮಂಗಳೂರಿನ ಬ್ಯಾರಿ ಮನೆಯವಳು. ಉಪ್ಪ, ಅಂದರೆ ಅಪ್ಪ, ಅವರದ್ದು ಬಟ್ಟೆ ಅಂಗಡಿ, ಅಣ್ಣಂದಿರು ಇಬ್ಬರೂ ದಮಾಮ್‌ನಲ್ಲಿ. ಮೂಡುಬಿದಿರೆಯಲ್ಲಿ ಸಸ್ಯಶಾಸ್ತ್ರ ತೆಗೆದುಕೊಂಡು ಬಿಎಸ್ಸಿ ಮಾಡಿದೆ. ಆಮೇಲೆ ಮಂಗಳೂರಿನಲ್ಲಿ ಕಾನೂನು ಓದಿ ಬಿ.ಸಿ. ರೋಡಿನಲ್ಲಿ ರೈ ಸರ್ ಆಫೀಸಿಗೆ ಜೂನಿಯರ್ ಆಗಿ ಸೇರಿದೆ. ನಾನು ಸೇರಿದ ಮರುವರ್ಷ ಧನಕೀರ್ತಿ ಬಂದ. ಮೂಡುಬಿದಿರೆಯ ಹಳೆಯ ಜೈನ ಮನೆತನ. ಅವನ ತಂದೆ ಒಂದು ಬಸದಿಯ ಆಡಳಿತ ನೋಡಿಕೊಳ್ಳುತ್ತಿದ್ದರು.

ಬಂದ ವಾರದಲ್ಲೇ ಕಿಟಕಿ ಪಕ್ಕದ ಕುರ್ಚಿ ಅವನದ್ದಾಯಿತು. ನಾನು ಅದನ್ನು ಯಾರಲ್ಲೂ ಕೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಗುಮಾಸ್ತರೇ ಒರೆಸಿ ಕೊಟ್ಟರು. ಸೂರ್ಯ ಮುಳುಗುವ ಮೊದಲು ಊಟ ಆಗಬೇಕೆಂದು ಸಂಜೆ ಎಲ್ಲರಿಗಿಂತ ಮೊದಲು ಎದ್ದು ಮೂಡುಬಿದಿರೆ ಬಸ್ಸು ಹತ್ತುತ್ತಿದ್ದ. ನಾನು ದೀಪ ಹಾಕಿಕೊಂಡು ಅವನ ಪಾಲಿನ ಅರ್ಜಿಗಳನ್ನೂ ತಿದ್ದುತ್ತಿದ್ದೆ. ರೈ ಸರ್ ಅವನ ಹತ್ತಿರ ತುಳುವಿನಲ್ಲಿ ತಮಾಷೆ ಮಾಡುತ್ತಿದ್ದರು, ನನ್ನ ಹತ್ತಿರ ಕನ್ನಡದಲ್ಲಿ ಬರೀ ಕೆಲಸ ಹೇಳುತ್ತಿದ್ದರು. ನನ್ನ ತುಳು ಅವನದ್ದಕ್ಕಿಂತ ಚೆನ್ನಾಗಿತ್ತು. ಕೆಟ್ಟವನಾಗಿದ್ದರೆ ಸುಲಭವಿತ್ತು. ಆದರೆ ಅವನು ಮನೆಯಿಂದ ತಂದ ಹಲಸಿನ ಹಪ್ಪಳವನ್ನು ಎಲ್ಲರಿಗಿಂತ ಮೊದಲು ನನ್ನ ಮೇಜಿಗೆ ತಂದಿಡುತ್ತಿದ್ದ. ಅಂಥವನ ಮೇಲೆ ಹೊಟ್ಟೆಕಿಚ್ಚುಪಡುವುದು ಎಷ್ಟು ಕಷ್ಟದ ಕೆಲಸವೆಂದು ಪಟ್ಟವರಿಗೇ ಗೊತ್ತು.

ಆಗ ಆಫೀಸಿಗೆ ಸಂಜೀವನ ಕೇಸು ಬಂತು.

ಸಂಜೀವ ಪೊಳಲಿಯವನು. ಫಲ್ಗುಣಿ ಹೊಳೆಯಲ್ಲಿ ಹೊಯ್ಗೆ, ಅಂದರೆ ಮರಳು, ತೆಗೆಯುವ ದೋಣಿಯಲ್ಲಿ ದುಡಿಯುತ್ತಿದ್ದ. ಬೆಳುವಾಯಿಯ ಅಭಿನಂದನ ಎಂಬ ಜೈನ ಹುಡುಗ ಅವನ ಗೆಳೆಯ. ಆಟಿಯ ಒಂದು ಸಂಜೆ ಇಬ್ಬರೂ ಮೂಡುಬಿದಿರೆ ಪೇಟೆಯಲ್ಲಿ ಕುಡಿದು, ಹತ್ತು ಜನ ನೋಡುವಂತೆ ಹೊಡೆದಾಡಿಕೊಂಡಿದ್ದರು. ತನ್ನ ತಂಗಿಯ ಹಿಂದೆ ಅಭಿನಂದನ ಬಿದ್ದಿದ್ದಾನೆ ಎಂಬುದು ಸಂಜೀವನ ಸಿಟ್ಟು. ಮರುದಿನ ಬೆಳಗ್ಗೆ ಅಭಿನಂದನನ ಹೆಣ ಬೆಳುವಾಯಿಯಲ್ಲಿ ಅವನದ್ದೇ ಮನೆಯ ಬಾವಿಯಲ್ಲಿ ತೇಲಿತು. ಮಳೆಗೆ ಬಾವಿ ತುಂಬಿತ್ತು, ಕಟ್ಟೆಯ ಒಂದು ಬದಿ ಕುಸಿದಿತ್ತು. ಕುಡಿದು ಬಂದವನು ಅಜ್ಜಿಗೆ ವಾಸನೆ ಬಾರದಿರಲಿ ಎಂದು ಹಿಂಬದಿಯಿಂದ ಬಂದು, ಮುಖ ತೊಳೆಯಲು ಹೋಗಿ ಜಾರಿಬಿದ್ದ ಎಂದು ಊರಿನವರು ಮೊದಲು ಎಣಿಸಿದ್ದರು.

ಪ್ರಯೋಗಾಲಯದ ವರದಿ ಬಂದ ಮೇಲೆ ಎಲ್ಲ ತಿರುಗಿತು. ವರದಿಯಲ್ಲಿದ್ದದ್ದು ಡಯಾಟಮ್ ಪರೀಕ್ಷೆ. ಡಯಾಟಮ್ ಎಂದರೆ ನೀರಿನಲ್ಲಿರುವ, ಕಣ್ಣಿಗೆ ಕಾಣದ ಪಾಚಿ. ಅದಕ್ಕೆ ಗಾಜಿನಂಥ ಚಿಪ್ಪು, ಆಸಿಡ್‌ನಲ್ಲಿ ಕುದಿಸಿದರೂ ಕರಗುವುದಿಲ್ಲ. ಮನುಷ್ಯ ಜೀವಂತ ನೀರಿಗೆ ಬಿದ್ದರೆ ಉಸಿರಿನ ಜೊತೆ ಈ ಪಾಚಿ ಶ್ವಾಸಕೋಶಕ್ಕೆ ಹೋಗಿ, ಇನ್ನೂ ಬಡಿಯುತ್ತಿರುವ ಹೃದಯ ಅದನ್ನು ಎಲುಬಿನ ಮಜ್ಜೆಯವರೆಗೂ ತಳ್ಳುತ್ತದೆ. ಸತ್ತ ಮೇಲೆ ನೀರಿಗೆ ಹಾಕಿದರೆ ಅಲ್ಲಿಗೆ ತಲುಪುವುದಿಲ್ಲ. ಅಭಿನಂದನನ ಮಜ್ಜೆಯಲ್ಲಿ ಡಯಾಟಮ್ ಬೇಕಾದಷ್ಟಿತ್ತು. ಆದರೆ ಪೊಲೀಸರು ಅದೇ ಬಾವಿಯಿಂದ ಬಾಟಲಿಯಲ್ಲಿ ಕಳಿಸಿದ ನೀರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಫಲ್ಗುಣಿಯ ನೀರಿನಲ್ಲಿ ಅಂಥದ್ದೇ ಕೆಲವು ಜಾತಿಗಳಿದ್ದವು. ಅಲ್ಲಿಗೆ ಪೊಲೀಸರ ಲೆಕ್ಕ ಮುಗಿಯಿತು. ಹುಡುಗ ಮುಳುಗಿದ್ದು ಬಾವಿಯಲ್ಲಲ್ಲ, ಹೊಳೆಯಲ್ಲಿ. ಮುಳುಗಿಸಿದವನು ದೋಣಿಯ ಸಂಜೀವ. ಹೆಣ ತಂದು ಬಾವಿಗೆ ಹಾಕಿದ್ದೂ ಅವನೇ. ಸಂಜೀವ ಆಗಿನಿಂದ ಜೈಲಿನಲ್ಲಿದ್ದ. ತೀರ್ಪು ವಿರುದ್ಧವಾದರೆ ಜೀವಾವಧಿ.

ರೈ ಸರ್ ವರದಿ ಓದಿ ನನ್ನನ್ನು ಕರೆದರು. “ಏ ರಮ್ಲತ್, ಈ ಪಾಚಿ ಗೀಚಿ ಎಲ್ಲ ನಿನ್ನ ಸಬ್ಜೆಕ್ಟ್ ಅಲ್ಲವಾ? ತಜ್ಞರ ಪಾಟೀಸವಾಲು ನೀನೇ ಮಾಡು.”

ಕೊಲೆ ಕೇಸಿನಲ್ಲಿ, ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ, ವಿಜ್ಞಾನದ ತಜ್ಞನಿಗೆ ಎದುರಾಗಿ ನಿಂತು ಪ್ರಶ್ನೆ ಕೇಳುವ ಅವಕಾಶ ಎರಡು ವರ್ಷದ ಜೂನಿಯರ್‌ಗೆ ಯಾರು ಕೊಡುತ್ತಾರೆ? ನಾನು ಹೊರಗೆ ಬಂದು ಕಿಟಕಿ ಪಕ್ಕದ ಕುರ್ಚಿಯ ಕಡೆ ನೋಡಿದೆ. ಧನಕೀರ್ತಿ “ಒಳ್ಳೆದಾಯ್ತು ಮಾರಾಯ್ರೆ” ಎಂದು ಬಾಯಿ ತುಂಬ ನಕ್ಕ. ಆ ಒಂದು ದಿನ ನನಗೆ ಅವನ ಮೇಲೆ ಏನೂ ಇರಲಿಲ್ಲ.

ಆ ಬೇಸಗೆ ಪೂರ್ತಿ ನಾನು ಡಯಾಟಮ್ ಓದಿದೆ. ಹಳೆಯ ಲೆಕ್ಚರರ ಮನೆಗೆ ಹೋಗಿ ಪುಸ್ತಕ ತಂದೆ, ಅವರ ಲ್ಯಾಬಿನಲ್ಲಿ ಕೂತು ಮೂಡುಬಿದಿರೆಯ ಕೆರೆಗಳ ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಆಸಿಡ್‌ನಿಂದ ತಪ್ಪಾಗಬಹುದಾ, ಬಾಟಲಿಯಿಂದ ಆಗಬಹುದಾ, ಪ್ರಯೋಗಾಲಯದ ನಳ್ಳಿ ನೀರಿನಿಂದ ಆಗಬಹುದಾ ಎಂದು ಹಾಳೆಗಟ್ಟಲೆ ಪ್ರಶ್ನೆ ಬರೆದೆ. ಉಮ್ಮ ಊಟಕ್ಕೆ ಕರೆದರೆ “ಬರ್ತೇನೆ” ಎಂದು ಹೇಳಿ ಮರೆತುಬಿಡುತ್ತಿದ್ದೆ. ಸಂಜೀವನ ತಂಗಿ ಪ್ರೇಮಾ ಬೀಡಿ ಕಟ್ಟುವ ಹುಡುಗಿ. ಬೀಡಿ ಬ್ರಾಂಚಿಗೆ ಬಂದಾಗಲೆಲ್ಲ ಆಫೀಸಿನ ಮೆಟ್ಟಿಲ ಹತ್ತಿರ ನಿಂತು ಕೇಳುತ್ತಿದ್ದಳು.

“ಅಣ್ಣ ಹೊರಗೆ ಬರ್ತಾನಾ ಮೇಡಂ?”

“ಬರ್ತಾನೆ. ನಾನು ಓದ್ತಾ ಇದ್ದೇನೆ.”

“ನಂದೇ ಕಾರಣ ಅಂತ ಅಮ್ಮ ನನ್ನ ಹತ್ರ ಮಾತಾಡುವುದಿಲ್ಲ” ಎನ್ನುತ್ತಿದ್ದಳು. ಆಗೆಲ್ಲ ನಾನು ಮತ್ತೆ ಒಳಗೆ ಹೋಗಿ ಇನ್ನೊಂದು ಪ್ರಶ್ನೆ ಬರೆಯುತ್ತಿದ್ದೆ.

ಮಳೆಗಾಲ ಹಿಡಿಯಿತು. ವಿಚಾರಣೆಗೆ ಕೆಲವು ದಿನ ಇರುವಾಗ ರೈ ಸರ್ ನಮ್ಮಿಬ್ಬರನ್ನೂ ಬೆಳುವಾಯಿಗೆ ಕಳಿಸಿದರು. “ಬಾವಿ ನೋಡಿ, ಕಟ್ಟೆ ಅಳೆದುಕೊಂಡು ಬನ್ನಿ. ಆ ಮನೆಯ ಅಜ್ಜಿ ಸರ್ಕಾರದ ಕಡೆಯ ಸಾಕ್ಷಿ. ಅವರ ಹತ್ತಿರ ಕೇಸಿನ ವಿಷಯ ಒಂದಕ್ಷರ ಎತ್ತಬಾರದು, ಗೊತ್ತಾಯ್ತಾ?”

ಗದ್ದೆಯ ಬದಿಯಲ್ಲಿ ಹಂಚಿನ ಮನೆ. ಭತ್ತದ ನೇಜಿ ನೆಡುವವರು ಬಾಗಿದ ತಲೆಯಲ್ಲೇ ನಮ್ಮನ್ನು ನೋಡಿದರು. ಜಗಲಿಯಲ್ಲಿ ಮರುದೇವಿಯಮ್ಮ ಇದ್ದರು. ಅಭಿನಂದನನ ಅಜ್ಜಿ. ಸಣ್ಣ ಆಕಾರ, ಬಿಳಿ ಸೀರೆ, ನೆಟ್ಟಗಿನ ಬೆನ್ನು. ಧನಕೀರ್ತಿ ಯಾವ ಮನೆಯವನೆಂದು ಹೇಳಿದಾಗ ಅವರಿಗೆ ದೂರದ ಸಂಬಂಧ ಹೊಳೆಯಿತು.

“ನೀವು ಆ ಸಂಜೀವನ ಕಡೆಯ ವಕೀಲರಲ್ಲವಾ?” ಎಂದು ತುಳುವಿನಲ್ಲಿ ಕೇಳಿದರು.

“ಹೌದಮ್ಮ.”

“ಇರಲಿ. ಬಿಸಿಲೋ ಮಳೆಯೋ, ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸಲಿಕ್ಕಾಗುತ್ತದಾ” ಎಂದು ಎದ್ದರು.

ಧನಕೀರ್ತಿ ಟೇಪು ಹಿಡಿದು ಬಾವಿಯ ಆಚೆ ಬದಿಗೆ ಹೋದ. ಸಾವಾದ ಮೇಲೆ ಬಾವಿ ಬತ್ತಿಸಿ, ಶುದ್ಧ ಮಾಡಿಸಿ, ಮತ್ತೆ ಅದೇ ನೀರು ಬಳಸುತ್ತಿದ್ದರು. ಕುಸಿದ ಜಾಗಕ್ಕೆ ಬಿದಿರಿನ ಬೇಲಿ ಹಾಕಿತ್ತು. ಮರುದೇವಿಯಮ್ಮ ಕೊಡಪಾನ ಇಳಿಸಿ ನೀರು ಸೇದಿದರು. ಇನ್ನೊಂದು ಕೊಡದ ಬಾಯಿಗೆ ದಪ್ಪದ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಾಸಿ, ಅದರ ಮೇಲೆ ನಿಧಾನಕ್ಕೆ ಹೊಯ್ದರು. ಆಮೇಲೆ ಬಟ್ಟೆಯನ್ನು ಒಂದು ಸಣ್ಣ ಚೆಂಬಿನ ಮೇಲೆ ಮಗುಚಿ, ಸೋಸಿದ ನೀರಿನಿಂದಲೇ ಅದನ್ನು ತೊಳೆದು, ಆ ಚೆಂಬನ್ನು ಹಗ್ಗದಲ್ಲಿ ಬಾವಿಯ ನೀರಿನ ಮಟ್ಟಕ್ಕೆ ಇಳಿಸಿ ಓರೆ ಮಾಡಿದರು. ಮೇಲಿನಿಂದ ಚೆಲ್ಲಲಿಲ್ಲ.

ಕೇಸಿನ ಮಾತು ಆಡಬಾರದಲ್ಲ, ಏನಾದರೂ ಮಾತಾಡಬೇಕೆಂದು ಕೇಳಿದೆ. “ಅದನ್ನು ಎಂತಕ್ಕೆ ವಾಪಸ್ ಬಾವಿಗೆ ಇಳಿಸುವುದಮ್ಮ? ಗಿಡಕ್ಕೆ ಹೊಯ್ದರೆ ಆಗುವುದಿಲ್ಲವಾ?”

“ಸಾಯುವುದಿಲ್ಲವಾ ಮಗಾ ಅವು? ಅವುಗಳ ಮನೆ ಇದೇ ಅಲ್ಲವಾ.”

“ಅಷ್ಟು ಸಣ್ಣ ಜೀವ ಎಲ್ಲ ಬಟ್ಟೆಯಲ್ಲಿ ನಿಲ್ತದಾ?”

“ನಿಲ್ತದೆ ಅಂತ ನನ್ನ ಅಜ್ಜಿ ಹೇಳಿದ್ದು. ಕಣ್ಣಿಗೆ ಕಾಣುವುದಿಲ್ಲ. ಹೇಗಿರ್ತದೆ ಅಂತ ಓದಿದವಳು ನೀನು ಹೇಳಬೇಕು.”

ಕೇಳಿದ್ದೇ ಸಾಕಾಯಿತು. ಬೇಸಗೆ ಪೂರ್ತಿ ತಲೆಯಲ್ಲಿ ತುಂಬಿಕೊಂಡದ್ದನ್ನು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ, ಆಫೀಸಿನಲ್ಲೂ ಇರಲಿಲ್ಲ. ದೋಣಿಯ ಆಕಾರದ್ದು ಉಂಟು, ಸೂಜಿಯ ಹಾಗಿನದ್ದು ಉಂಟು, ಒಂದಕ್ಕೊಂದು ಅಂಟಿ ಸರದ ಹಾಗೆ ಉದ್ದಕ್ಕೆ ಹೋಗುವಂಥದ್ದು ಉಂಟು, ಎಲ್ಲದಕ್ಕೂ ಗಾಜಿನ ಚಿಪ್ಪು, ಚಿಪ್ಪಿನ ಮೇಲೆ ಗೆರೆಗೆರೆ ಕುಸುರಿ ಎಂದೆಲ್ಲ ಕೈಯಲ್ಲಿ ತೋರಿಸಿ ಹೇಳಿದೆ. ಮರುದೇವಿಯಮ್ಮ ಒದ್ದೆ ಬಟ್ಟೆ ಹಿಡಿದುಕೊಂಡೇ ಬಾವಿಕಟ್ಟೆಯಲ್ಲಿ ಕೂತು ಕೇಳಿದರು. ಮೊಮ್ಮಗ ಸತ್ತು ವರ್ಷವಾಗಿದ್ದ ಆ ಮುಖದಲ್ಲಿ ಸಂತೋಷ ಬಂತು.

“ದೋಣಿಯ ಹಾಗೆ! ಇಷ್ಟು ವರ್ಷ ದಿನಾ ಇಳಿಸಿಬಿಟ್ಟೆ, ಹೇಗಿರ್ತವೆ ಅಂತ ಒಬ್ಬರೂ ಹೇಳಲಿಲ್ಲ ನೋಡು” ಎಂದರು.

ಆ ಬಟ್ಟೆ ನನ್ನ ಕಣ್ಣೆದುರೇ ಇತ್ತು. ಡಯಾಟಮ್ ಬಗ್ಗೆ ನನ್ನದೇ ಬಾಯಿ ವಟಗುಟ್ಟುತ್ತಿತ್ತು. ಎರಡನ್ನೂ ಸೇರಿಸಿ ನೋಡಲಿಕ್ಕೆ ನನಗೆ ಹೊಳೆಯಲಿಲ್ಲ. ತಲೆಯೊಳಗೆ ತಜ್ಞನಿಗೆ ಹಾಕುವ ಪ್ರಶ್ನೆಗಳೇ ಗಿಜಿಗುಟ್ಟುತ್ತಿದ್ದವು.

ಬಸ್ಸಿನಲ್ಲಿ ಬರುವಾಗ ಮಳೆ ಜೋರಾಗಿ ಕಿಟಕಿಯ ಟಾರ್ಪಾಲು ಇಳಿಸಿದರು. ಹೊತ್ತು ಹೋಗಲೆಂದು ಧನಕೀರ್ತಿಗೆ ತಮಾಷೆಯಾಗಿ ಹೇಳಿದೆ. “ಎಂತ ನಿಮ್ಮ ಜನ ಮಾರಾಯ್ರೆ! ಆ ಅಮ್ಮ ನೀರು ಸೋಸಿ ಪಾಚಿಯನ್ನು ತೊಟ್ಟಿಲಲ್ಲಿ ಮಲಗಿಸಿದ ಹಾಗೆ ಬಾವಿಗೆ ಬಿಡ್ತಾರೆ.”

“ಅದು ಎಲ್ಲರ ಮನೆಯಲ್ಲೂ ಉಂಟು” ಎಂದ ಅವನು, ಟಾರ್ಪಾಲು ಸರಿಪಡಿಸುತ್ತ. “ನಮ್ಮಮ್ಮ ಸ್ನಾನದ ನೀರನ್ನೂ ಸೋಸದೆ ಹಂಡೆಗೆ ಹಾಕುವುದಿಲ್ಲ. ನಾವು ಸೋಸದ ನೀರು ಯಾರಿಗೂ—”

ಅಲ್ಲಿಗೆ ನಿಲ್ಲಿಸಿದ. ಮೂಡುಬಿದಿರೆ ಬರುವವರೆಗೆ ಮಾತಿಲ್ಲ. ಇಳಿಯುವಾಗ “ನಾಳೆ ಬೇಗ ಬರ್ತೇನೆ” ಎಂದ. ಅವನು ಬೇಗ ಬಂದ ಚರಿತ್ರೆ ಇರಲಿಲ್ಲವಾದ್ದರಿಂದ ನಾನು ನಂಬಲಿಲ್ಲ.

ಮರುದಿನ ನಾನು ಹೋಗುವಾಗ ಅವನು ರೈ ಸರ್ ಕೋಣೆಯಲ್ಲಿ ಕೂತಿದ್ದ. ಕಾಫಿ ಕುಡಿದ ಲೋಟ ಖಾಲಿಯಾಗಿತ್ತು. ರೈ ಸರ್ ಮೇಜು ಕುಟ್ಟುತ್ತ “ಬಾಟಲಿಗೆ ನೀರು ತುಂಬಿಸಿದ್ದು ಪೊಲೀಸಿನವನಾ, ಅಜ್ಜಿಯಾ? ಅದೊಂದು ಪ್ರಶ್ನೆ ಸಾಕು. ಶಾಬಾಸ್!” ಎನ್ನುತ್ತಿದ್ದರು. ನನಗೆ ಅರ್ಥವಾಗಲು ಅರೆಕ್ಷಣ ಬೇಕಾಯಿತು. ಅಜ್ಜಿ ಸೋಸಿ ಕೊಟ್ಟಿದ್ದರೆ ಬಾಟಲಿಯಲ್ಲಿ ಡಯಾಟಮ್ ಎಲ್ಲಿಂದ ಬರಬೇಕು? ಹೆಚ್ಚಿನವು ಬಟ್ಟೆಯಲ್ಲಿ ನಿಂತು ವಾಪಸ್ ಬಾವಿಗೆ ಹೋಗಿರುತ್ತವೆ. ವರದಿ ಸುಳ್ಳಲ್ಲ, ಬಾಟಲಿಯಲ್ಲಿದ್ದದ್ದು ಬಾವಿಯಲ್ಲಿದ್ದ ಹಾಗಿನ ನೀರಲ್ಲ.

“ನಿನ್ನೆ ನಾವು ಹೋದಾಗ ಗೊತ್ತಾಯ್ತು ಸರ್” ಎಂದ ಧನಕೀರ್ತಿ.

ನಾವು! ಆ ‘ನಾವು’ ಕೇಳಿ ನನ್ನ ಮೈಯೆಲ್ಲ ಉರಿಯಿತು. ಅವನು ‘ನಾನು’ ಎಂದಿದ್ದರೆ ಎದುರೆದುರೇ ಜಗಳ ಮಾಡಬಹುದಿತ್ತು. ‘ರಮ್ಲತ್ ಹೇಳಿದ್ದು’ ಎಂದಿದ್ದರೆ ಜೀವಮಾನವಿಡೀ ಅವನ ಪಾಲಿನ ಅರ್ಜಿ ತಿದ್ದುತ್ತಿದ್ದೆ. ಆ ಮನೆಯಲ್ಲಿ ಬಟ್ಟೆಯನ್ನು ನೋಡಿದ್ದು ನಾನು. ಯಾಕೆಂದು ಕೇಳಿದ್ದು ನಾನು. ಅವನು ಹುಟ್ಟಿದಾಗಿನಿಂದ ದಿನಾ ನೋಡಿದ್ದನ್ನು ಅವನ ಕಿವಿಗೆ ಹಾಕಬೇಕಾದರೆ ನಾನು ಬೇಕಾಯಿತು. ಸೇರಿಸಿ ನೋಡಿದ್ದು ಮಾತ್ರ ಅವನು, ಅದೂ ನಿಜ. ಅದು ನಿಜವಾದ್ದರಿಂದಲೇ ಉರಿ ಹೆಚ್ಚು. ಮೂರು ತಿಂಗಳು ಪುಸ್ತಕ ಹೊತ್ತವಳು ನಾನು, ಬಸ್ಸಿನಲ್ಲಿ ಹತ್ತು ನಿಮಿಷ ಬಾಯಿ ಮುಚ್ಚಿ ಕೂತವನು ಅವನು.

“ಅಜ್ಜಿಯ ಪಾಟೀಸವಾಲು ಧನಕೀರ್ತಿ ಮಾಡಲಿ” ಎಂದರು ರೈ ಸರ್. “ಅವರದ್ದೇ ಜನ, ಮನಸ್ಸಿಗೆ ನೋವಾಗದ ಹಾಗೆ ಕೇಳ್ತಾನೆ. ತಜ್ಞರು ನಿನಗೇ ಇರಲಿ ರಮ್ಲತ್.” ನಾನು ತಲೆಯಾಡಿಸಿದೆ. ಆ ದಿನದ ಹಲಸಿನ ಹಪ್ಪಳವನ್ನು ಗುಮಾಸ್ತರಿಗೆ ಕೊಟ್ಟುಬಿಟ್ಟೆ.

ಸಾಕ್ಷಿಯ ದಿನ ಮಂಗಳೂರಿನಲ್ಲಿ ಆಕಾಶ ಹರಿದು ಬಿದ್ದಂಥ ಮಳೆ. ಕೋರ್ಟು ಹಾಲಿನಲ್ಲಿ ಒದ್ದೆ ಕೊಡೆಗಳ ವಾಸನೆ. ಹಿಂದಿನ ಬೆಂಚಿನಲ್ಲಿ ಪ್ರೇಮಾ, ಎರಡು ಬೆಂಚು ಬಿಟ್ಟು ಅವಳ ಅಮ್ಮ. ಸಂಜೀವ ಗಡ್ಡ ಬಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ನಿಂತಿದ್ದ. ಪೊಲೀಸಿನವನ ವಿಚಾರಣೆ ಮೊದಲು. ಬಾವಿಯ ನೀರು ತಾನೇ ಸೇದಲಿಲ್ಲ, ಮಳೆಗೆ ಜಗಲಿಯಲ್ಲಿ ನಿಂತಿದ್ದೆ, ಮನೆಯ ಅಜ್ಜಿ ಸೇದಿ ಬಾಟಲಿ ತುಂಬಿಸಿ ಕೊಟ್ಟರು ಎಂದು ಅವನು ರೈ ಸರ್ ಕೇಳಿದ ಎರಡನೇ ಪ್ರಶ್ನೆಗೇ ಒಪ್ಪಿಕೊಂಡ. ಅದರಲ್ಲಿ ತಪ್ಪೇನಿದೆ ಎಂದು ಅವನಿಗಿನ್ನೂ ತಿಳಿದಿರಲಿಲ್ಲ.

ಆಮೇಲೆ ಮರುದೇವಿಯಮ್ಮ ಕಟಕಟೆ ಹತ್ತಿದರು. ತುಳುವಿನಲ್ಲೇ ಹೇಳಲಿ ಎಂದು ನ್ಯಾಯಾಧೀಶರು ಬಿಟ್ಟರು. ಧನಕೀರ್ತಿ ಎದ್ದ.

“ಅಮ್ಮ, ಆ ದಿನ ಬಾಟಲಿಗೆ ನೀರು ತುಂಬಿಸುವ ಮೊದಲು ಸೋಸಿದಿರಾ?”

ಅವರು ಅವನನ್ನೇ ಗದರಿಸಿದರು. “ಎಂತ ಕೇಳುವುದು ನೀನು? ನೀನು ಯಾವ ಮನೆಯವನು ಅಂತ ನನಗೆ ಗೊತ್ತಿಲ್ಲವಾ? ಸೋಸದ ನೀರು ನಾನು ಯಾರ ಕೈಗೂ ಕೊಟ್ಟವಳಲ್ಲ. ಪೊಲೀಸರಿಗೆ ಕೊಡ್ತೇನಾ?”

“ಅದು ಕುಡಿಯುವ ನೀರಲ್ಲ, ಪರೀಕ್ಷೆಗೆ ಅಂತ ನಿಮಗೆ ಗೊತ್ತಿತ್ತಾ?”

“ಹೇಳಿದ್ದರೋ ಏನೋ. ಮಗು ಹೆಣವಾಗಿ ಅಂಗಳದಲ್ಲಿ ಮಲಗಿತ್ತು. ನನಗೆ ಏನು ಗೊತ್ತಿತ್ತು? ಕೈ ಮಾಡುವ ಕೆಲಸ ಕೈ ಮಾಡಿತು.”

“ಬಟ್ಟೆಯಲ್ಲಿ ನಿಂತದ್ದು?”

“ಬಾವಿಗೇ ಬಿಟ್ಟೆ. ಜೀವ ಅಲ್ಲವಾ.”

ಧನಕೀರ್ತಿ ಕೂತುಕೊಳ್ಳಲು ಹೊರಟ. ಅಷ್ಟರಲ್ಲಿ ಅವರಿಗೆ ಏನೋ ಹೊಳೆಯಿತು. ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದರು. “ಹಾಗಾದರೆ ಮಗು ಸತ್ತದ್ದು ನಮ್ಮ ಬಾವಿಯಲ್ಲೇನಾ? ನಾನು ಒಳಗೆ ಮಲಗಿದ್ದೆನಲ್ಲ.”

ಸರ್ಕಾರಿ ವಕೀಲರು ಕಾಗದ ನೋಡಿದರು. ಇಷ್ಟು ದಿನ ಆ ಅಮ್ಮನಿಗೆ ಕೊಲೆಗಾರನೊಬ್ಬ ಇದ್ದ. ಈಗ ಅವನೂ ಇಲ್ಲ, ಇರುವುದು ಕೂಗಳತೆಯಲ್ಲಿದ್ದ ಬಾವಿ, ಕಟ್ಟಿಸದೆ ಬಿಟ್ಟ ಕಟ್ಟೆ, ಕೇಳಿಸದ ಕೂಗು. ಧನಕೀರ್ತಿಯ ಕಿವಿ ಕೆಂಪಾಗಿತ್ತು, ಅವನು ತಲೆ ಎತ್ತಲಿಲ್ಲ. ಮರುದೇವಿಯಮ್ಮ ಅವನನ್ನು ಬಿಟ್ಟು ಹಿಂದೆ ಕೂತ ನನ್ನ ಕಡೆ ನೋಡಿದರು. ತುಂಬ ಹೊತ್ತು ನೋಡಿದರು. ಆ ಹೊತ್ತಿನಲ್ಲೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ, ನಾನಾಗಿದ್ದರೆ ಇದನ್ನು ಇನ್ನೂ ಚೆನ್ನಾಗಿ ಕೇಳುತ್ತಿದ್ದೆ.

ಮಧ್ಯಾಹ್ನದ ಮೇಲೆ ತಜ್ಞರು ಬಂದರು. ನಾನು ಹೊಸ ಕೋಟು ಹಾಕಿಕೊಂಡಿದ್ದೆ. ಹಾಳೆಗಳನ್ನು ಜೋಡಿಸಿ ಎದ್ದು ನಿಂತೆ. ನಾನು ಬಾಯಿ ತೆರೆಯುವ ಮೊದಲೇ ನ್ಯಾಯಾಧೀಶರು ತಾವೇ ಕೇಳಿಬಿಟ್ಟರು. “ಬಟ್ಟೆಯಲ್ಲಿ ಸೋಸಿದ ನೀರನ್ನು ನಿಮಗೆ ಕೊಟ್ಟಿದ್ದರೆ?”

ತಜ್ಞರು ಪ್ರಾಮಾಣಿಕರು. ಕನ್ನಡಕ ತೆಗೆದು ಒರೆಸಿಕೊಂಡರು. “ಹಾಗಿದ್ದರೆ ನನ್ನ ಹೋಲಿಕೆಗೆ ಅರ್ಥವಿಲ್ಲ ಸ್ವಾಮಿ. ಬಾವಿಯಲ್ಲಿ ಡಯಾಟಮ್ ಇಲ್ಲ ಎಂದು ನಾನು ಹೇಳಲಾರೆ. ಅಲ್ಲೇ ಮುಳುಗಿರಲೂಬಹುದು.”

ಮುಗಿಯಿತು. ನಾನು ನಿಂತೇ ಇದ್ದೆ. ಹಿಂದಿನಿಂದ ರೈ ಸರ್ ನನ್ನ ಗೌನು ಹಿಡಿದು ಎಳೆದರು. “ಕೂತ್ಕೊಳ್ಳಮ್ಮಾ. ಗೆದ್ದ ಸಾಕ್ಷಿಯನ್ನು ಕೆದಕಿ ಹಾಳು ಮಾಡುವುದಾ?” ನಾನು ಕೂತೆ. ಆಸಿಡ್‌ನ ಪ್ರಶ್ನೆ, ಬಾಟಲಿಯ ಪ್ರಶ್ನೆ, ನಳ್ಳಿ ನೀರಿನ ಪ್ರಶ್ನೆ ಎಲ್ಲ ಮಡಿಲಲ್ಲಿ ಹಾಗೇ ಉಳಿದವು. ತೀರ್ಪಿನಲ್ಲಿ ನನ್ನ ಹೆಸರು ಬರಬೇಕಾದರೆ ನಾನು ಬಾಯಿ ಬಿಟ್ಟಿರಬೇಕಿತ್ತಲ್ಲ.

ಆಟಿ ಕಳೆದು ಸೋಣ ತಿಂಗಳಲ್ಲಿ ಸಂಜೀವ ಬಿಡುಗಡೆಯಾದ. ಪತ್ರಿಕೆಯಲ್ಲಿ ‘ಸೋಸಿದ ನೀರಿನ ಕೇಸು’ ಎಂದು ಬಂತು, ಧನಕೀರ್ತಿಯ ಚಿತ್ರವೂ ಬಂತು. ಪ್ರೇಮಾ ಅಣ್ಣನನ್ನು ಕರೆದುಕೊಂಡು ಆಫೀಸಿಗೆ ಬಂದಳು. ಅವಳ ಅಮ್ಮನೂ ಜೊತೆಗಿದ್ದರು, ಮಗಳ ಹೆಗಲು ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು. ಸಂಜೀವ ಧನಕೀರ್ತಿಯ ಕಾಲು ಮುಟ್ಟಲು ಬಗ್ಗಿದ. ಇವನು ಹಿಂದೆ ಸರಿದು ಗೋಡೆಗೆ ತಾಗಿದ. ಪ್ರೇಮಾ ನನ್ನ ಕಡೆ ತಿರುಗಿ “ಮೇಡಂ, ನೀವೂ ತುಂಬ ಓದಿದ್ರಿ” ಎಂದಳು. ಮನಸ್ಸಿನಿಂದ ಹೇಳಿದ ಮಾತು.

ಆ ಕೇಸಿನ ನಂತರ ಧನಕೀರ್ತಿ ಕ್ರಿಮಿನಲ್ ಕೇಸು ಹಿಡಿಯಲಿಲ್ಲ. ಮೂಡುಬಿದಿರೆಗೆ ಹೋಗಿ ಜಾಗದ ಪಾಲುಪಟ್ಟಿಯ ವ್ಯಾಜ್ಯಗಳಲ್ಲಿ ಕೂತುಬಿಟ್ಟ. ಜನರಿಗೆ ಅದೂ ಅವನ ದೊಡ್ಡತನವಾಗಿ ಕಂಡಿತು. ಒಂದೇ ಕೇಸು ಮಾಡಿ ಹೆಸರಾದವನು ಅವನು, ಆಮೇಲೆ ಈ ಬಂಟ್ವಾಳ, ಬೆಳ್ತಂಗಡಿ, ಕಾರ್ಕಳದ ಕೋರ್ಟುಗಳಲ್ಲಿ ಎಷ್ಟೋ ಜನರನ್ನು ಬಿಡಿಸಿದವಳು ನಾನು. ಪ್ರತಿ ಆಟಿಯಲ್ಲೂ ಅವನು ಬೆಳುವಾಯಿಗೆ ಹೋಗಿ ಮರುದೇವಿಯಮ್ಮನನ್ನು ನೋಡಿಬರುತ್ತಾನೆ, ಬಾವಿಕಟ್ಟೆಯನ್ನು ಮುಂದೆ ನಿಂತು ಕಟ್ಟಿಸಿಕೊಟ್ಟ ಎಂದು ಯಾರೋ ಹೇಳಿದರು. ಅವನು ಹೋಗುವ ಮನೆಗೆ ನಾನೇಕೆ ಹೋಗಲಿ ಎಂದುಕೊಂಡೆ. ಅದು ಅವನ ಮನೆ, ಅವನ ಅಮ್ಮ, ಅವನ ಕೇಸು.

ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ನಾನು ಆ ದಿನ ಅಣಕು ನ್ಯಾಯಾಲಯ ಮುಗಿದ ಮೇಲೆ ಚಹಾ ಕುಡಿಯುತ್ತ ನಿಂತಿದ್ದೆ. ಧನಕೀರ್ತಿ ಬಂದ. ಕೈಯಲ್ಲಿ ಚಹಾ ಇರಲಿಲ್ಲ.

“ಮರುದೇವಿಯಮ್ಮ ಹೋದರು, ಗೊತ್ತಾಯ್ತಾ? ಸುಗ್ಗಿಯಲ್ಲಿ.”

“ಇಲ್ಲ. ನನಗೆ ಯಾರು ಹೇಳ್ತಾರೆ?”

ಅವನು ಗೋಡೆಯ ಬ್ಯಾನರ್ ನೋಡುತ್ತ ನಿಂತ. ಅದರಲ್ಲಿ ಅವನ ಹೆಸರು ದೊಡ್ಡದಾಗಿತ್ತು. “ನಿಮ್ಮ ಹತ್ತಿರ ಒಂದು ಹೇಳಲಿಕ್ಕುಂಟು ರಮ್ಲತ್. ಹೋದಾಗೆಲ್ಲ ಅವರು ನಿಮ್ಮನ್ನು ಕೇಳ್ತಿದ್ದರು. ‘ಆ ಬ್ಯಾರಿ ಹುಡುಗಿ ಬರಲಿಲ್ಲವಾ? ಅವಳ ಹತ್ತಿರ ಒಂದು ವಿಷಯ ಹೇಳಲಿಕ್ಕುಂಟು, ಕರ್ಕೊಂಡು ಬಾ’ ಅಂತ. ನಾನು ನಿಮಗೆ ಪುರುಸೊತ್ತಿಲ್ಲ ಅಂತ ಹೇಳಿ ಬರ್ತಿದ್ದೆ.”

ನನ್ನ ಕೈಯ ಚಹಾ ತಣ್ಣಗಾಗಿತ್ತು. “ನನಗೆ ಹೇಳಲಿಲ್ಲ ಯಾಕೆ?”

“ಅವರನ್ನು ಕಟಕಟೆಯಲ್ಲಿ ನಿಲ್ಲಿಸಿ ಆ ಮಾತು ಹೇಳಿಸಿದವನು ನಾನು. ವರ್ಷ ವರ್ಷ ಹೋಗಿ ಕೂತದ್ದು ನಾನು. ನನ್ನ ಹತ್ತಿರ ಅವರು ಮಳೆ ಬಂತಾ, ಬೆಳೆ ಬಂತಾ ಅಷ್ಟೇ ಮಾತಾಡ್ತಿದ್ದರು. ಕೇಳುವುದು ಮಾತ್ರ ನಿಮ್ಮನ್ನು.” ಅವನು ನನ್ನ ಕಡೆ ತಿರುಗಿದ. “ನನಗೂ ಹೊಟ್ಟೆ ಉರಿಯುವುದಿಲ್ಲವಾ ಮಾರಾಯ್ರೆ?”

ಬೈಯಬೇಕೆಂದಿತ್ತು. ಬಾಯಿಗೆ ಬಂದದ್ದು ಬೇರೆ. “ಎಂತ ವಿಷಯವಂತೆ?”

“ಗೊತ್ತಿಲ್ಲ. ನನ್ನ ಹತ್ತಿರ ಹೇಳಿ, ನಾನು ಮುಟ್ಟಿಸ್ತೇನೆ ಅಂತ ಕೇಳಿ ನೋಡಿದೆ. ‘ನಿನಗಲ್ಲ, ಅವಳಿಗೆ’ ಅಂತಿದ್ದರು. ಕೊನೆಯ ಸಲವೂ ಅದೇ.”

ಇಷ್ಟು ವರ್ಷ ಕಾರ್ಕಳ ಕೋರ್ಟಿಗೆಂದು ನಾನು ಹೋಗುತ್ತಿದ್ದದ್ದು ಬೆಳುವಾಯಿಯ ದಾರಿಯಲ್ಲೇ. ಬಸ್ಸು ಅಲ್ಲಿ ನಿಲ್ಲುತ್ತಿತ್ತು. ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು. ನಾನು ಕಿಟಕಿಯಿಂದ ಆ ಗದ್ದೆಯ ಕಡೆ ನೋಡಬಾರದೆಂದು ಮುಖ ತಿರುಗಿಸಿಕೊಂಡು ಕೂತಿರುತ್ತಿದ್ದೆ.